ನಾಯಿಯ ಪರ ಒಂದು ವಕಾಲತ್ತು

ಕಾನೂನಿನ ಕಣ್ಣಿಗೆ ನಾಯಿಯೂ ಒಂದು ಚರಾಸ್ತಿ. ಮೇಜು, ಕುರ್ಚಿ, ಕೊಡಪಾನಗಳ ಸಾಲಿನಲ್ಲೇ ಅದರ ಹೆಸರೂ ಬರುತ್ತದೆ. ಆದರೆ ಕುರ್ಚಿ ಯಾರನ್ನೂ ಕಚ್ಚುವುದಿಲ್ಲ; ಯಜಮಾನ ಬಂದನೆಂದು ಬಾಗಿಲಿಗೆ ಓಡುವುದೂ ಇಲ್ಲ. ಈ ವ್ಯತ್ಯಾಸವನ್ನು ನುಂಗಲೂ ಆಗದೆ ಉಗುಳಲೂ ಆಗದೆ ನ್ಯಾಯಾಲಯಗಳು ಪಡುವ ಪಾಡನ್ನು ಅಮೆರಿಕದ ಲೇಖಕ ಡೇವಿಡ್ ರೋಸೆನ್‌ಫೆಲ್ಟ್ ತಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ ಹಾಸ್ಯದ ಬಂಡವಾಳ ಮಾಡಿಕೊಂಡಿದ್ದಾರೆ.

2002ರಲ್ಲಿ ಪ್ರಕಟವಾದ 'ಓಪನ್ ಅಂಡ್ ಶಟ್' ಈ ಮಾಲೆಯ ಮೊದಲ ಕೃತಿ. ಇದರ ನಾಯಕ ಆಂಡಿ ಕಾರ್ಪೆಂಟರ್, ನ್ಯೂಜೆರ್ಸಿ ರಾಜ್ಯದ ಪ್ಯಾಟರ್ಸನ್ ನಗರದ ಕ್ರಿಮಿನಲ್ ವಕೀಲ. ತಂದೆಯಿಂದ ಅನಿರೀಕ್ಷಿತವಾಗಿ ಬಂದ 2.2 ಕೋಟಿ ಡಾಲರ್ ಆಸ್ತಿಯಿಂದಾಗಿ ದುಡಿಯುವ ಅಗತ್ಯ ಅವನಿಗಿಲ್ಲ; ಮನಸ್ಸಂತೂ ಮೊದಲೇ ಇಲ್ಲ. ಹೊಸ ಕಕ್ಷಿದಾರನನ್ನು ಕಂಡರೆ ಮಾರು ದೂರ ಸರಿಯುವ ಈ ಸೋಮಾರಿಯನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸುವುದು ಸಾಮಾನ್ಯವಾಗಿ ಒಂದು ನಾಯಿ. ತನ್ನ ಮುದ್ದಿನ ಗೋಲ್ಡನ್ ರಿಟ್ರೀವರ್ ತಾರಾಳ ಹೆಸರಿನಲ್ಲಿ ಅವನು ಅನಾಥ ನಾಯಿಗಳ ಆಶ್ರಯ ಸಂಸ್ಥೆಯೊಂದನ್ನು ನಡೆಸುತ್ತಾನೆ. ಅದರಲ್ಲಿ ಅವನ ಪಾಲುದಾರ, ಮಾಡದ ಕೊಲೆಗಾಗಿ ಮರಣದಂಡನೆಗೆ ಗುರಿಯಾಗಿ ಅವನ ವಾದದಿಂದ ಬಿಡುಗಡೆಗೊಂಡ ವಿಲ್ಲಿ ಮಿಲ್ಲರ್. ಪಂಜರದಲ್ಲಿ ಸಾವಿಗೆ ಕಾದವನೇ ಪಂಜರದಲ್ಲಿರುವ ನಾಯಿಗಳಿಗೆ ರಕ್ಷಕನಾಗುತ್ತಾನೆ. ಲೇಖಕರು ಇದಕ್ಕೆ ಭಾಷ್ಯ ಬರೆಯಲು ಹೋಗಿಲ್ಲ.

2007ರ 'ಪ್ಲೇ ಡೆಡ್' ಕಾದಂಬರಿಯಲ್ಲಿ ಆಂಡಿಯ ಕಕ್ಷಿದಾರ ನಾಯಿಯೇ. ಯಜಮಾನನನ್ನು ಕಚ್ಚಿದ ತಪ್ಪಿಗೆ ಅದಕ್ಕೆ ಸಾವಿನ ಶಿಕ್ಷೆಯಾಗಿದೆ. ಅದನ್ನು ಉಳಿಸಿಕೊಂಡ ಬಳಿಕ ತಿಳಿಯುವ ಸಂಗತಿಯೆಂದರೆ, ಐದು ವರ್ಷದ ಹಿಂದಿನ ಕೊಲೆ ಪ್ರಕರಣವೊಂದರಲ್ಲಿ ಸತ್ತಿತೆಂದು ಎಲ್ಲರೂ ನಂಬಿದ್ದ ನಾಯಿ ಇದೇ! ಅದು ಬದುಕಿರುವುದರಿಂದಲೇ ಪ್ರಾಸಿಕ್ಯೂಷನ್ ಹೆಣೆದ ಕಥೆ ಸಡಿಲಗೊಳ್ಳುತ್ತದೆ.

ಇದೆಲ್ಲ ಕಾದಂಬರಿಕಾರನ ಅತಿಶಯೋಕ್ತಿ ಎನ್ನುವವರು ಅದೇ ನ್ಯೂಜೆರ್ಸಿಯ ನೈಜ ಪ್ರಕರಣವೊಂದನ್ನು ನೋಡಬೇಕು. ಪ್ಯಾಟರ್ಸನ್ನಿನ ನೆರೆಯ ಬರ್ಗೆನ್ ಕೌಂಟಿಯಲ್ಲಿ 1990ರ ಕ್ರಿಸ್‌ಮಸ್ ದಿನ, 'ಟಾರೋ' ಎಂಬ ಅಕೀಟಾ ತಳಿಯ ನಾಯಿಯಿಂದ ಬಾಲಕಿಯೊಬ್ಬಳ ತುಟಿಗೆ ಗಾಯವಾಯಿತು. ಅಪಾಯಕಾರಿ ನಾಯಿಗಳ ಕಾಯ್ದೆಯಡಿ ಅದಕ್ಕೆ ಮರಣದಂಡನೆ ವಿಧಿಸಲಾಯಿತು. ಮೇಲ್ಮನವಿಗಳು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಅಲೆದವು. ಟಾರೋ ಸುಮಾರು ಮೂರು ವರ್ಷ ಸರ್ಕಾರದ ಸೆರೆಯಲ್ಲಿ ಕಳೆಯಿತು. 1994ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ಗವರ್ನರ್ ಕ್ರಿಸ್ಟೀನ್ ಟಾಡ್ ವಿಟ್‌ಮನ್ ಅದೇ ತಿಂಗಳು ಈ ಗಂಟನ್ನು ಬಿಡಿಸಿದರು. ಕ್ಷಮಾದಾನ ಮನುಷ್ಯರಿಗೆ ಮೀಸಲು. ನಾಯಿಗೆ ನೀಡುವುದು ಹೇಗೆ? ನಾಯಿ ಸ್ವತ್ತು ತಾನೆ, ಮುಟ್ಟುಗೋಲಾದ ಸ್ವತ್ತನ್ನು ಬಿಟ್ಟುಕೊಡುವ ಅಧಿಕಾರ ಗವರ್ನರ್‌ಗೆ ಇದೆಯಲ್ಲ ಎಂಬ ದಾರಿ ಹಿಡಿದು ಆದೇಶ ಹೊರಡಿಸಲಾಯಿತು. ಷರತ್ತು ಒಂದೇ: ಟಾರೋ ರಾಜ್ಯ ಬಿಟ್ಟು ಹೋಗಬೇಕು. ಜೀವವೆಂದು ಗಣಿಸಿದ್ದರೆ ಉಳಿಸಲು ದಾರಿಯಿರದಿದ್ದ ನಾಯಿ, ಸ್ವತ್ತೆಂದು ಗಣಿಸಿದ್ದರಿಂದ ಗಡೀಪಾರಾಗಿ ಬದುಕಿತು.

ಇದಕ್ಕೂ ಹಳೆಯ ಮೊಕದ್ದಮೆಯೊಂದು ಮಿಸೌರಿ ರಾಜ್ಯದ ವಾರೆನ್ಸ್‌ಬರ್ಗ್‌ನದು. 1869ರಲ್ಲಿ 'ಓಲ್ಡ್ ಡ್ರಮ್' ಎಂಬ ಬೇಟೆನಾಯಿ ಗುಂಡೇಟಿಗೆ ಬಲಿಯಾಯಿತು. ಕುರಿಗಳನ್ನು ಕಳೆದುಕೊಂಡ ನೆರೆಯವನ ಮೇಲೆ ನಾಯಿಯ ಒಡೆಯ ದಾವೆ ಹೂಡಿದ. 1870ರಲ್ಲಿ ಅವನ ಪರ ವಾದಿಸಿದ ಜಾರ್ಜ್ ಗ್ರಹಾಂ ವೆಸ್ಟ್, ಸಾಕ್ಷ್ಯಗಳ ಗೊಡವೆಗೆ ಹೋಗದೆ ನಾಯಿಯ ನಿಷ್ಠೆಯನ್ನು ಕುರಿತು ಭಾಷಣ ಮಾಡಿದರು. ಆ ಭಾಷಣದ ಉಳಿದು ಬಂದ ಭಾಗದಲ್ಲಿ ಓಲ್ಡ್ ಡ್ರಮ್‌ನ ಹೆಸರೇ ಇಲ್ಲ! ಜ್ಯೂರಿ ಕರಗಿತು; 50 ಡಾಲರ್ ಪರಿಹಾರ ದೊರೆಯಿತು. ವೆಸ್ಟ್ ಮುಂದೆ ಸೆನೆಟರ್ ಆದರು. ಓಲ್ಡ್ ಡ್ರಮ್ ಅಲ್ಲಿನ ನ್ಯಾಯಾಲಯದ ಮುಂದೆ ಪ್ರತಿಮೆಯಾಗಿ ನಿಂತಿದೆ.

ದೂರದ ದೇಶದ ವಿನೋದವೆಂದು ನಾವು ನಕ್ಕು ಸುಮ್ಮನಾಗುವಂತಿಲ್ಲ. 1860ರ ಭಾರತೀಯ ದಂಡ ಸಂಹಿತೆಯ 428ನೇ ಕಲಮು, ಕೊಂದ ಪ್ರಾಣಿಯ ಬೆಲೆ ಕನಿಷ್ಠ 10 ರೂಪಾಯಿ ಇರಬೇಕೆಂದು ಬಯಸುತ್ತಿತ್ತು. ಬೀದಿನಾಯಿಯ ಪೇಟೆಧಾರಣೆಯನ್ನು ಯಾವ ಮಂಡಿಯಲ್ಲಿ ವಿಚಾರಿಸುವುದು? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಈ ಬೆಲೆಚೀಟಿಯನ್ನು ಕಿತ್ತುಹಾಕಿ, ಯಾವುದೇ ಪ್ರಾಣಿಯನ್ನು ಕೊಂದರೂ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದೆಂದಿತು. ಸ್ವಾಗತಾರ್ಹ. ಆದರೆ ಆ ಕಲಮು ಇಂದಿಗೂ ಇರುವುದು ಸ್ವತ್ತಿನ ವಿರುದ್ಧದ ಅಪರಾಧಗಳ ಅಧ್ಯಾಯದಲ್ಲೇ. ಇನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಮೊದಲ ತಪ್ಪಿಗೆ ಗೊತ್ತುಮಾಡಿದ ದಂಡದ ಗರಿಷ್ಠ ಮಿತಿ 50 ರೂಪಾಯಿ.

ಬೀದಿನಾಯಿಗಳ ವ್ಯಾಜ್ಯ ನಮ್ಮಲ್ಲಿ ನಗೆಯ ವಿಷಯವಲ್ಲ. ಕಚ್ಚಿಸಿಕೊಂಡ ಮಗುವಿನ ನೋವು, ರೇಬೀಸ್‌ನ ಭೀತಿ ಎರಡೂ ನಿಜ. 2025ರ ಆಗಸ್ಟ್ 11ರಂದು, ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಗಳಿಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟಿನ ಪೀಠವೊಂದು ಆದೇಶಿಸಿತು. ಅದೇ ತಿಂಗಳ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ತಿದ್ದಿ, ರೇಬೀಸ್ ತಗುಲಿದವು ಮತ್ತು ಆಕ್ರಮಣಕಾರಿಯಾದವುಗಳನ್ನುಳಿದು ಮಿಕ್ಕ ನಾಯಿಗಳನ್ನು ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆಯ ನಂತರ ಅವುಗಳ ನೆಲೆಗೇ ಬಿಡಬೇಕೆಂದಿತು. ಹನ್ನೊಂದು ದಿನಗಳಲ್ಲಿ ಬದಲಾದ ಈ ನಿಲುವನ್ನು ಚಂಚಲತೆಯೆನ್ನುವುದು ಸುಲಭ. ಎಲ್ಲ ನಾಯಿಗಳನ್ನೂ ಒಂದೇ ಹಗ್ಗದಲ್ಲಿ ಕಟ್ಟದೆ, ಯಾವುದು ಅಪಾಯಕಾರಿ, ಯಾವುದು ನಿರಪರಾಧಿ ಎಂದು ಬಿಡಿಸಿ ನೋಡುವ ಯತ್ನ ಅದರಲ್ಲಿದೆ ಎಂಬುದನ್ನೂ ಗಮನಿಸಬೇಕು. ಆಂಡಿ ಕಾರ್ಪೆಂಟರ್ ತನ್ನ ಕಕ್ಷಿದಾರರಿಗೆ, ಎರಡು ಕಾಲಿನವರಿರಲಿ ನಾಲ್ಕು ಕಾಲಿನವರಿರಲಿ, ಕೇಳುವುದೂ ಇಷ್ಟನ್ನೇ: ತೀರ್ಪಿಗೆ ಮೊದಲು ಒಂದು ವಿಚಾರಣೆ.

ರೋಸೆನ್‌ಫೆಲ್ಟ್ ಬರೆದುದನ್ನು ಬದುಕಿದವರೂ ಹೌದು. ಅವರೂ ಅವರ ಪತ್ನಿಯೂ ಕ್ಯಾಲಿಫೋರ್ನಿಯಾದಲ್ಲಿ ತಾರಾ ಫೌಂಡೇಷನ್ ಕಟ್ಟಿ ಸುಮಾರು 4,000 ನಾಯಿಗಳನ್ನು ಉಳಿಸಿದರು. ಮುದಿತನ, ಕಾಯಿಲೆಗಳಿಂದಾಗಿ ಯಾರೂ ಒಯ್ಯದ ನಾಯಿಗಳು ಅವರ ಮನೆಯಲ್ಲೇ ಉಳಿದವು. ಅಂಥ 25 ನಾಯಿಗಳನ್ನು ವಾಹನಗಳಲ್ಲಿ ತುಂಬಿಕೊಂಡು ಅಮೆರಿಕದ ಒಂದು ತುದಿಯಿಂದ ಇನ್ನೊಂದು ತುದಿಯ ಮೇಯ್ನ್ ರಾಜ್ಯಕ್ಕೆ ಸಾಗಿದ ಕಥೆಯನ್ನು ಅವರು 2013ರ 'ಡಾಗ್‌ಟ್ರಿಪಿಂಗ್' ಪುಸ್ತಕದಲ್ಲಿ ಹೇಳಿದ್ದಾರೆ. ಪೇಟೆಯಲ್ಲಿ ಆ ನಾಯಿಗಳಿಗೆ ಬೆಲೆ ಕಟ್ಟಿದ್ದರೆ 10 ರೂಪಾಯಿಯೂ ಹುಟ್ಟುತ್ತಿರಲಿಲ್ಲ.