ಬೆಂಗಳೂರಿಗೆ ವಿಮಾನ ಕಾರ್ಖಾನೆ ತಂದ ಶ್ರಾವಕ: ಶೇಠ್ ವಾಲಚಂದ್ ಹಿರಾಚಂದ್ ಸ್ಮರಣೆ

ಧಾರವಾಡದಿಂದ ಬೆಳಗಾವಿ ಕಡೆಗೆ ಹೊರಟರೆ ಹೆದ್ದಾರಿಯ ಬಳಿ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಟಾಟಾ ಮಾರ್ಕೊಪೋಲೊ ಬಸ್ಸುಗಳು ತಯಾರಾಗುತ್ತಿದ್ದುದು ಇಲ್ಲಿಯೇ. ಉತ್ತರ ಕರ್ನಾಟಕದ ಜೈನ ಕುಟುಂಬಗಳು ಬಹುಮಟ್ಟಿಗೆ ಒಕ್ಕಲುತನ ಮತ್ತು ವ್ಯಾಪಾರವನ್ನೇ ನಂಬಿ ಬಂದವು. ಮನೆಯ ಹುಡುಗ ಇಂಥ ಕಡೆ ಒಂದು ಶೆಡ್ ಹಾಕುತ್ತೇನೆ ಎಂದರೆ "ಕಾರ್ಖಾನೆ ನಮ್ಮಂಥವರಿಗಲ್ಲ" ಎನ್ನುವ ಹಿರಿಯರು ಈಗಲೂ ಇದ್ದಾರೆ. ಅಂಥವರು ಸೊಲ್ಲಾಪುರದ ಒಬ್ಬ ಶ್ರಾವಕರ ಜೀವನವನ್ನು ತಿಳಿಯಬೇಕು.

ಹುಟ್ಟು ಮತ್ತು ಆರಂಭ

ವಾಲಚಂದ್ ಹಿರಾಚಂದ್ ದೋಶಿಯವರು 1882ರ ನವೆಂಬರ್ 23ರಂದು ಸೊಲ್ಲಾಪುರದ ದಿಗಂಬರ ಜೈನ ಮನೆತನದಲ್ಲಿ ಜನಿಸಿದರು. ಹತ್ತಿ ವ್ಯಾಪಾರ ಮತ್ತು ಲೇವಾದೇವಿ ಮನೆಯ ಕಸುಬು. ಕಾಲೇಜು ಪದವಿ ಪೂರ್ಣವಾಗಲಿಲ್ಲ, ಮನೆಯ ವ್ಯವಹಾರದಲ್ಲೂ ಮನಸ್ಸು ನಿಲ್ಲಲಿಲ್ಲ. ರೈಲ್ವೆಯಲ್ಲಿ ಕಾರಕೂನರಾಗಿದ್ದ ಫಾಟಕ್ ಎಂಬವರ ಜೊತೆ ಪಾಲುದಾರರಾಗಿ ರೈಲು ಮಾರ್ಗದ ಗುತ್ತಿಗೆ ಹಿಡಿದರು. ಮುಂದೆ ಮುಂಬಯಿ–ಪುಣೆ ನಡುವಿನ ಬೋರ್ ಘಾಟಿನಲ್ಲಿ ರೈಲ್ವೆ ಸುರಂಗಗಳನ್ನೂ ಕಟ್ಟಿದರು.

ಸಮುದ್ರ, ನೆಲ, ಆಕಾಶ

1919ರಲ್ಲಿ ಗೆಳೆಯರೊಡನೆ ಸಿಂಧಿಯಾ ಹಡಗು ಕಂಪನಿ ಆರಂಭಿಸಿದರು. ಆ ವರ್ಷ ಏಪ್ರಿಲ್ 5ರಂದು ಅವರ 'ಲಾಯಲ್ಟಿ' ಹಡಗು ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನೇ ಇಂದು ದೇಶ ರಾಷ್ಟ್ರೀಯ ಸಾಗರಯಾನ ದಿನವಾಗಿ ಆಚರಿಸುತ್ತದೆ. ನಾಶಿಕ್ ಜಿಲ್ಲೆಯ ರಾವಲಗಾಂವ್‌ನಲ್ಲಿ ಬರಡು ನೆಲವನ್ನು ಹದ ಮಾಡಿ ಕಬ್ಬು ಬೆಳೆಸಿ, ಸಕ್ಕರೆ ಕಾರ್ಖಾನೆ ನಿಲ್ಲಿಸಿದರು. ನಾವು ಚಿಕ್ಕಂದಿನಲ್ಲಿ ತಿಂದ ಪಾನ್ ಪಸಂದ್ ಗೋಲಿ ರಾವಲಗಾಂವ್ ಕಂಪನಿಯದೇ. ಕಾರು ತಯಾರಿಕೆಯ ಯೋಜನೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಅವರ ಜೊತೆಗಿದ್ದರು. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಯಿತು.

ಕನ್ನಡಿಗರಿಗೆ ಅವರ ದೊಡ್ಡ ಕೊಡುಗೆ ವಿಮಾನ ಕಾರ್ಖಾನೆ. 1939ರಲ್ಲಿ ಅಮೆರಿಕದಿಂದ ಹಿಂದಿರುಗುವ ವಿಮಾನದಲ್ಲಿ, ಚೀನಾದಲ್ಲಿ ವಿಮಾನ ತಯಾರಿಸುತ್ತಿದ್ದ ವಿಲಿಯಂ ಪಾಲಿ ಎಂಬವರ ಪರಿಚಯವಾಯಿತು. ಆ ಮಾತುಕತೆಯೇ ಬೀಜ. ಮೈಸೂರು ಸಂಸ್ಥಾನದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರು ಜಾಗ ಕೊಟ್ಟರು, ಬಂಡವಾಳದಲ್ಲಿ ಸಂಸ್ಥಾನವೂ ಪಾಲು ಹಾಕಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸ್ಥಾಪನೆಯಾಯಿತು. ಮರುವರ್ಷವೇ ಮೊದಲ ವಿಮಾನ ಹಾರಿತು.

ಆದರೆ ಯುದ್ಧದ ಕಾಲ. 1942ರಲ್ಲಿ ಸರ್ಕಾರ ವಾಲಚಂದರ ಪಾಲನ್ನು ಕೊಂಡು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ತಾನು ಕಟ್ಟಿದ್ದನ್ನು ಎರಡು ವರ್ಷ ತುಂಬುವ ಮೊದಲೇ ಬಿಟ್ಟುಕೊಡುವುದು ಯಾವ ಉದ್ಯಮಿಗೂ ಸುಲಭವಲ್ಲ. ಅವರು ಅಲ್ಲಿಗೇ ನಿಲ್ಲಲಿಲ್ಲ, ಎರಡೇ ವರ್ಷದಲ್ಲಿ ಕಾರಿನ ಕಂಪನಿ ಕಟ್ಟಿದರು. ಬೆಂಗಳೂರಿನ ಆ ಕಾರ್ಖಾನೆಯೇ 1964ರಲ್ಲಿ ಎಚ್‌ಎಎಲ್ ಆಯಿತು. ಸಾವಿರಾರು ಕನ್ನಡ ಕುಟುಂಬಗಳ ಒಲೆ ಅದರಿಂದ ಉರಿದಿದೆ.

ಕುಟುಂಬ

ಅವರ ಉದ್ಯಮಗಳ ಹಿಂದೆ ಇಡೀ ಕುಟುಂಬವಿತ್ತು. ತಮ್ಮಂದಿರಾದ ಗುಲಾಬಚಂದ್, ರತನಚಂದ್, ಲಾಲಚಂದ್ ಅವರು ಹೊಣೆ ಹಂಚಿಕೊಂಡರು, ಅಣ್ಣನ ನಂತರವೂ ಮುನ್ನಡೆಸಿದರು. 1949ರಲ್ಲಿ ಪಾರ್ಶ್ವವಾಯು ಬಡಿದಾಗ ಪತ್ನಿ ಕಸ್ತೂರಬಾಯಿಯವರು ಕೊನೆಯವರೆಗೂ ಆರೈಕೆ ಮಾಡಿದರು. 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ದೇಹ ಬಿಟ್ಟರು.

ಸಾಂಗಲಿಯಲ್ಲಿ ಇಬ್ಬರ ಹೆಸರೂ ವಿದ್ಯಾದಾನದಲ್ಲಿ ಉಳಿದಿದೆ. ಒಂದು ವಾಲಚಂದ್ ಎಂಜಿನಿಯರಿಂಗ್ ಕಾಲೇಜು. ಇನ್ನೊಂದು ಲಠ್ಠೆ ಶಿಕ್ಷಣ ಸಂಸ್ಥೆಯ ಕಸ್ತೂರಬಾಯಿ ವಾಲಚಂದ್ ಕಾಲೇಜು.

ನಮ್ಮ ಮನೆಯ ಹಿರಿಯರು

ನಮ್ಮಲ್ಲಿ ಪಿಂಡಪ್ರದಾನವಿಲ್ಲ. ಅಗಲಿದವರ ನೆನಪಿಗೆ ಪೂಜೆ ಮಾಡಿಸುತ್ತೇವೆ, ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಕೈಲಾದದ್ದನ್ನು ಕೊಡುತ್ತೇವೆ. ಇದರ ಜೊತೆಗೆ ಇನ್ನೊಂದು ಕೆಲಸ ಮಾಡೋಣ. ನಿಮ್ಮ ಊರಿನಲ್ಲಿ ಅಂಗಡಿ, ಗಿರಣಿ, ವರ್ಕ್‌ಶಾಪ್ ಕಟ್ಟಿ ಬೆಳೆಸಿದ ಹಿರಿಯರು ಹೇಗೆ ಆರಂಭಿಸಿದರು, ಯಾರು ಕೈ ಹಿಡಿದರು, ಎಲ್ಲಿ ಪೆಟ್ಟು ತಿಂದು ಮತ್ತೆ ಎದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡಿ. ನಾಳೆ ಶೆಡ್ ಹಾಕಲು ಹೊರಟ ಮೊಮ್ಮಗನಿಗೆ ಗೋಡೆಯ ಮೇಲಿನ ಫೋಟೊಗಿಂತ ಆ ನಾಲ್ಕು ಪುಟ ಹೆಚ್ಚು ಬಲ ಕೊಡುತ್ತವೆ.

ಜೈ ಜಿನೇಂದ್ರ.