ಕತ್ತಲಾದ ಮೇಲೆ ಪಾರ್ಕ್ ಯಾರದ್ದು?

ಸಂಜೆ ಆರೂವರೆಗೆ ಮಕ್ಕಳು ಜಾರುಬಂಡಿಯಲ್ಲಿ ಆಡುತ್ತಿರುತ್ತಾರೆ. ಎಂಟಕ್ಕೆ ಹೆಂಗಸರ ವಾಕಿಂಗ್ ಮುಗಿಯುತ್ತದೆ. ಒಂಬತ್ತೂವರೆ ದಾಟಿದರೆ ಅದೇ ಬೆಂಚಿನ ಮೇಲೆ ಬಾಟ್ಲಿ, ಬೈಕಿನ ಸದ್ದು, ಕೆಟ್ಟ ಮಾತು. ಬೆಳಿಗ್ಗೆ ನೋಡಿದರೆ ಹುಲ್ಲಿನ ಮೇಲೆ ಗಾಜಿನ ಚೂರು. ನಾಲ್ಕು ದಿನ ಹೀಗಾದರೆ ಐದನೇ ದಿನ ತಾಯಂದಿರು ಮಕ್ಕಳನ್ನು ಕಳಿಸುವುದಿಲ್ಲ. ಒಳ್ಳೆಯವರು ಬಿಟ್ಟುಹೋದ ಜಾಗ ಪೂರ್ತಿ ಕೆಟ್ಟವರ ಪಾಲಾಗುತ್ತದೆ.

ಇದು ಮಂಗಳೂರಿನ ಕತೆ ಮಾತ್ರ ಅಲ್ಲ. ಮಹಾರಾಷ್ಟ್ರದ ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯಲ್ಲಿ ಸಿಗುವ, ಮನೆಮನೆಯಲ್ಲಿ ಕನ್ನಡ ಕೇಳುವ ವಳಸಂಗದಂಥ ಊರಿಗೂ ಇದೇ ಪ್ರಶ್ನೆ. ಸೊಲ್ಲಾಪುರ ನಗರದಲ್ಲಿ ಹುತಾತ್ಮ ಬಾಗ್ ಎಂಬ ಉದ್ಯಾನ ಉಂಟು. ಹುತಾತ್ಮ ಎಂದ ಕೂಡಲೇ ಅಲ್ಲಿನವರಿಗೆ ನೆನಪಾಗುವುದು 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಬ್ರಿಟಿಷರು ಗಲ್ಲಿಗೇರಿಸಿದ ನಾಲ್ವರು: ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಕಿಸನ್ ಸಾರಡಾ. ನಾಲ್ಕು ಬೇರೆ ಬೇರೆ ಮನೆತನ, ಒಂದೇ ಊರು. ಸಾರ್ವಜನಿಕ ಜಾಗವೂ ಹಾಗೆಯೇ, ಅದು ಎಲ್ಲರದ್ದು.

ಕಾನೂನು ಏನು ಹೇಳುತ್ತದೆ?

2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಕುಡಿದು ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಮಾಡಿದರೆ ಕಲಂ 355ರಡಿ 24 ಗಂಟೆಯವರೆಗೆ ಸಾದಾ ಸಜೆ, 1,000 ರೂಪಾಯಿವರೆಗೆ ದಂಡ, ಅಥವಾ ಸಮುದಾಯ ಸೇವೆ. ಅಶ್ಲೀಲ ವರ್ತನೆ, ಹಾಡುಗಳಿಗೆ ಕಲಂ 296. ಹೆಣ್ಣುಮಕ್ಕಳ ಹಿಂದೆ ಬೀಳುವುದಕ್ಕೆ 78, ಅವರ ಮಾನಕ್ಕೆ ಕುಂದು ತರುವ ಮಾತು, ಸನ್ನೆಗೆ 79. ಪಾರ್ಕಿನ ಬೆಂಚು, ದೀಪ ಒಡೆದರೆ 324.

ಇವೆಲ್ಲ ಘಟನೆ ನಡೆದ ಮೇಲಿನ ಮಾತು. ಒಂದೇ ಜಾಗದಲ್ಲಿ ದಿನವೂ ಉಪದ್ರ ಇದ್ದರೆ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಸಾರ್ವಜನಿಕ ಉಪದ್ರವ ತೆಗೆಯಿಸಲು ಅವರು ಆದೇಶ ಮಾಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲದ ದಾರಿ.

ಹುಡುಗರೇ ಹೋಗಿ ಓಡಿಸಿದರೆ?

ಇಲ್ಲಿಯೇ ಹೆಚ್ಚಿನವರು ಎಡವುವುದು. ‘ಪೊಲೀಸರು ಬರುವುದಿಲ್ಲ, ನಾವೇ ನಾಲ್ಕು ಬಾರಿಸುವ’ ಎಂದು ಹೊರಟ ಗುಂಪು ಮೊದಲ ದಿನ ಕುಡುಕನನ್ನು ಹಿಡಿಯುತ್ತದೆ. ಎರಡನೇ ದಿನ ಸುಮ್ಮನೆ ಮಾತಾಡುತ್ತಾ ಕೂತ ಹುಡುಗ-ಹುಡುಗಿಯ ಹೆಸರು ಕೇಳುತ್ತದೆ. ಹೆಸರು ಕೇಳಿದ ಮೇಲೆ ಜಾತಿ, ಧರ್ಮ. ನೈತಿಕ ಪೊಲೀಸ್‌ಗಿರಿ ಅಂದರೆ ಏನು ಎಂದು ಕರಾವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2009ರ ಜನವರಿಯ ಪಬ್ ದಾಳಿ, 2012ರ ಜುಲೈನ ಪಡೀಲ್ ಹೋಂಸ್ಟೇ ದಾಳಿ ಮಂಗಳೂರಿನ ಹೆಸರನ್ನು ದೇಶದಲ್ಲೆಲ್ಲ ಕೆಡಿಸಿದವು. ಇನ್ನೊಬ್ಬರು ಮಾಡಿದರೆ ತಪ್ಪು, ನಮ್ಮವರು ಮಾಡಿದರೆ ಸರಿ ಎಂಬ ಲೆಕ್ಕ ಇಲ್ಲ.

ಸಾಮಾನ್ಯ ನಾಗರಿಕ ಒಬ್ಬನನ್ನು ಹಿಡಿಯಬಹುದಾದದ್ದು ಯಾವಾಗ ಎಂಬುದನ್ನು ಸುರಕ್ಷಾ ಸಂಹಿತೆಯ ಕಲಂ 40 ಹೇಳುತ್ತದೆ. ಕಣ್ಣೆದುರೇ ಜಾಮೀನು ಸಿಗದಂಥ ಗಂಭೀರ ಅಪರಾಧ ನಡೆದಿರಬೇಕು, ಇಲ್ಲವೇ ಅವನು ಘೋಷಿತ ಅಪರಾಧಿ ಆಗಿರಬೇಕು. ಹಿಡಿದರೂ ತಡಮಾಡದೆ, ಹೆಚ್ಚೆಂದರೆ 6 ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಹೊಡೆಯುವ, ವಿಡಿಯೊ ಮಾಡಿ ವಾಟ್ಸ್‌ಆ್ಯಪ್‌ಗೆ ಬಿಡುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಮಾಡಿದ ಹುಡುಗನ ಮೇಲೆ ಕೇಸು ಬಿದ್ದರೆ ಪಾಸ್‌ಪೋರ್ಟ್, ಗಲ್ಫ್ ಕೆಲಸ ಎಲ್ಲ ತೂಗುಯ್ಯಾಲೆ. ಒಂದು ರಾತ್ರಿಯ ಸಿಟ್ಟಿಗೆ ಬಹಳ ದೊಡ್ಡ ಬೆಲೆ.

ಹಾಗಾದರೆ ಏನು ಮಾಡುವುದು?

ಮೊದಲನೆಯದು ಬೆಳಕು. ನ್ಯೂಯಾರ್ಕಿನಲ್ಲಿ 2016ರಲ್ಲಿ ಕೆಲವು ಸರಕಾರಿ ವಸತಿ ಸಮುಚ್ಚಯಗಳಿಗೆ ಹೆಚ್ಚುವರಿ ದೀಪ ಹಾಕಿ ನೋಡಿದರು. ರಾತ್ರಿ ಹೊರಾಂಗಣದಲ್ಲಿ ನಡೆಯುವ ಗಂಭೀರ ಅಪರಾಧ ಸುಮಾರು 36 ಶೇಕಡ ಇಳಿಯಿತು ಎಂದು ಅಧ್ಯಯನ ಹೇಳಿತು. ದೀಪ ಕೆಟ್ಟರೆ ಕಂಬದ ನಂಬರ್ ಸಹಿತ ಪಂಚಾಯತ್‌ಗೋ ಪಾಲಿಕೆಗೋ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಎರಡನೆಯದು ಜನಸಂಚಾರ. ಅದೇ ನ್ಯೂಯಾರ್ಕಿನ ಬ್ರ್ಯಾಂಟ್ ಪಾರ್ಕ್ ಒಂದು ಕಾಲದಲ್ಲಿ ಮಾದಕ ವಸ್ತು ಮಾರುವವರ ಅಡ್ಡೆಯಾಗಿತ್ತು. ದುರಸ್ತಿ ಮಾಡಿ 1992ರಲ್ಲಿ ಮತ್ತೆ ತೆರೆದಾಗ ಕುರ್ಚಿ, ತಿಂಡಿ ಅಂಗಡಿ ಬಂದವು, ಜನ ತುಂಬಿದರು. ನಮ್ಮಲ್ಲಿ ರಾತ್ರಿ ಹತ್ತರವರೆಗೆ ಒಂದು ಚಹಾ ಗಾಡಿ, ಒಂದು ಶಟ್ಲ್ ಕೋರ್ಟ್, ಇಶಾ ನಮಾಝ್ ಮುಗಿಸಿ ಅರ್ಧ ಗಂಟೆ ಬಂದು ಕೂರುವ ಹಿರಿಯರು ಇದ್ದರೆ ಸಾಕು. ನೋಡುವ ಕಣ್ಣು ಇರುವಲ್ಲಿ ಬಾಟ್ಲಿ ತೆರೆಯುವುದಕ್ಕೆ ಅಂಜಿಕೆ ಇರುತ್ತದೆ.

ಮೂರನೆಯದು ಊರಿನ ವ್ಯವಸ್ಥೆ. ವಳಸಂಗದಲ್ಲಿ ಸ್ವಂತ ಪೊಲೀಸ್ ಠಾಣೆ ಇದೆ. ಮಹಾರಾಷ್ಟ್ರದ ಹಳ್ಳಿಗಳಲ್ಲಿ 1967ರ ಕಾನೂನಿನ ಪ್ರಕಾರ ಪೊಲೀಸ್ ಪಾಟೀಲರೂ ಇರುತ್ತಾರೆ. ಊರಿನ ಸುದ್ದಿ ಠಾಣೆಗೆ ಮುಟ್ಟಿಸುವುದು ಅವರ ಕರ್ತವ್ಯ. 2007ರಲ್ಲಿ ಅಲ್ಲಿ ಶುರುವಾದ ತಂಟಾಮುಕ್ತ ಗಾವ್ ಅಭಿಯಾನ ಊರಿನ ಜಗಳಗಳನ್ನು ಊರಿನಲ್ಲೇ ಕೂತು ಬಗೆಹರಿಸುವುದಕ್ಕೆ ಸಮಿತಿಗಳನ್ನು ಕೊಟ್ಟಿತು. ಕರ್ನಾಟಕದಲ್ಲಿ ಗ್ರಾಮಸಭೆ, ಬೀಟ್ ಪೊಲೀಸ್ ಇದ್ದಾರೆ. ಜಮಾಅತ್, ಯುವಕ ಮಂಡಲ, ದೇವಸ್ಥಾನದ ಸಮಿತಿ, ಅಂಗಡಿಯವರು ಒಟ್ಟಾಗಿ ಒಂದೇ ಅರ್ಜಿಗೆ ಸಹಿ ಹಾಕಿದರೆ ಅದರ ತೂಕವೇ ಬೇರೆ.

ಕೂತವನು ನಮ್ಮ ಮನೆಯ ಹುಡುಗನಾದರೆ?

ಕಷ್ಟದ ಪ್ರಶ್ನೆ ಇದು. ಕತ್ತಲಲ್ಲಿ ಕೂತವರೆಲ್ಲ ರೌಡಿಗಳಲ್ಲ. ಕೆಲಸ ಇಲ್ಲದವನು, ಮನೆಯಲ್ಲಿ ಜಾಗ ಇಲ್ಲದವನು, ಗಾಂಜಾಕ್ಕೆ ಸಿಕ್ಕಿಬಿದ್ದವನು ಅವರಲ್ಲಿರುತ್ತಾನೆ. ಮಾದಕ ವಸ್ತು ಕಾಯ್ದೆಯ ಕಲಂ 64ಎ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಇರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದಾದರೆ ವಿಚಾರಣೆಯಿಂದ ವಿನಾಯಿತಿ ಸಿಗಬಹುದು. ಚಿಕಿತ್ಸೆ ಪೂರ್ತಿ ಮಾಡಬೇಕು. ಮಾನ ಹೋಗುತ್ತದೆಂದು ಮುಚ್ಚಿಡುವ ಮನೆಯವರಿಗೆ ಇದು ತಿಳಿದಿರಬೇಕು. ವ್ಯಸನಮುಕ್ತಿ ಸಹಾಯವಾಣಿ 14446. ಮಾರುವವರ ಮಾಹಿತಿ ಕೊಡಲು 1933. ತುರ್ತಿದ್ದರೆ 112.

ಈ ವಾರ ಒಂದು ಕೆಲಸ ಮಾಡಬಹುದು. ರಾತ್ರಿ ಒಂಬತ್ತಕ್ಕೆ ನಿಮ್ಮ ಊರಿನ ಪಾರ್ಕಿಗೆ ನಾಲ್ಕು ಜನ ಹೋಗಿ, ಉರಿಯದ ದೀಪ ಎಷ್ಟು ಎಂದು ಎಣಿಸಿ ಬರೆದುಕೊಳ್ಳಿ. ಮರುದಿನದ ಅರ್ಜಿಯ ಮೊದಲ ಸಾಲು ಅದೇ ಆಗಲಿ.