ಮೇಷ್ಟ್ರ ಸಂಬಳಕ್ಕೆ ಕಟ್ಟಿದ ಅಂಕ

2003ರಲ್ಲಿ ದೇಶದ ಸುಮಾರು 3,700 ಶಾಲೆಗಳಿಗೆ ಅಪರಿಚಿತರು ಬಂದು ಹೋದರು. ಬರುವ ಸುದ್ದಿಯನ್ನು ಮೊದಲೇ ಯಾರಿಗೂ ಕೊಟ್ಟಿರಲಿಲ್ಲ. ಒಂದೊಂದು ಶಾಲೆಗೂ ಮೂರು ಸಲ ಹೋದರು. ಶಾಲೆಯಲ್ಲಿರಬೇಕಾದ ಮೇಷ್ಟ್ರುಗಳ ಹೆಸರು ಬರೆದುಕೊಂಡು, ಆ ಹೊತ್ತಿಗೆ ಯಾರು ಎಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂಬುದನ್ನು ಕಣ್ಣಾರೆ ನೋಡಿ ಗುರುತು ಹಾಕಿಕೊಂಡರು. ಹಾಜರಿ ಪುಸ್ತಕದ ಸಹಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಎಲ್ಲವನ್ನೂ ಕೂಡಿಸಿದಾಗ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನೂರಕ್ಕೆ 25 ಮೇಷ್ಟ್ರುಗಳು ಶಾಲೆಯಲ್ಲೇ ಇರಲಿಲ್ಲ. ಪಾಠ ಮಾಡುತ್ತಿದ್ದವರು ಅರ್ಧಕ್ಕಿಂತ ಕಡಿಮೆ. ಮಹಾರಾಷ್ಟ್ರದಲ್ಲಿ ಗೈರಾದವರು ನೂರಕ್ಕೆ 15, ಜಾರ್ಖಂಡ್‌ನಲ್ಲಿ 42, ಕರ್ನಾಟಕದಲ್ಲಿ 22. ರಜೆ ಹಾಕಿದವರು, ಬೇರೆ ಸರ್ಕಾರಿ ಕೆಲಸದ ಮೇಲೆ ಹೋದವರು ಇದರಲ್ಲಿ ಸೇರಿದ್ದರು, ನಿಜ. ಅವರನ್ನೆಲ್ಲ ಕಳೆದರೂ ಲೆಕ್ಕ ತೀರುತ್ತಿರಲಿಲ್ಲ.

ಈ ಲೆಕ್ಕ ತೆಗೆದ ತಂಡದಲ್ಲಿ ಕಾರ್ತಿಕ್ ಮುರಳೀಧರನ್ ಇದ್ದರು. ಆಗಿನ್ನೂ ಹಾರ್ವರ್ಡ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿ. ಅವರ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿ ಇನ್ನೂ ಕಟುವಾಗಿತ್ತು. ಸುಮಾರು ಮೂರು ಸಾವಿರ ಸರ್ಕಾರಿ ಶಾಲೆಗಳ ಮುಖ್ಯ ಶಿಕ್ಷಕರನ್ನು ಕೇಳಿದಾಗ, ಪದೇ ಪದೇ ಗೈರಾದ ಮೇಷ್ಟ್ರನ್ನು ಕೆಲಸದಿಂದ ತೆಗೆದದ್ದುಂಟು ಎಂದವರು ಒಬ್ಬರೇ ಒಬ್ಬರು. ಗೈರಾದವರಿಗೂ ಸಂಬಳ ಬರುತ್ತಿತ್ತು. ಬೆವರು ಸುರಿಸಿ ಕಲಿಸಿದವರಿಗೂ ಅಷ್ಟೇ ಬರುತ್ತಿತ್ತು. ಚೆನ್ನಾಗಿ ಕಲಿಸಿದವರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಏನಾಗಬಹುದು?

ಪ್ರಶ್ನೆ ಹೊಸದಲ್ಲ, ಒಮ್ಮೆ ಸೋತದ್ದು. 1862ರಲ್ಲಿ ಇಂಗ್ಲೆಂಡಿನ ಶಿಕ್ಷಣದ ಹೊಣೆ ಹೊತ್ತಿದ್ದ ರಾಬರ್ಟ್ ಲೋ ಶಾಲೆಗಳ ಅನುದಾನವನ್ನು ಪರೀಕ್ಷೆಗೆ ಕಟ್ಟಿದ. ಇನ್ಸ್‌ಪೆಕ್ಟರು ಬಂದು ಮಗುವಿನಿಂದ ಓದಿಸಿ, ಬರೆಸಿ, ಲೆಕ್ಕ ಮಾಡಿಸುತ್ತಿದ್ದ. ಒಂದೊಂದರಲ್ಲಿ ಮಗು ಸೋತಾಗಲೂ ಶಾಲೆಗೆ 2 ಶಿಲಿಂಗ್ 8 ಪೆನ್ಸ್ ಖೋತಾ. ಮೇಷ್ಟ್ರುಗಳು ಮಕ್ಕಳಿಗೆ ಪುಸ್ತಕವನ್ನೇ ಬಾಯಿಪಾಠ ಮಾಡಿಸಿದರು. ಸ್ವತಃ ಇನ್ಸ್‌ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ಕೊನೆಯವರೆಗೂ ವಿರೋಧಿಸಿದ. ಅದೇ ಪದ್ಧತಿ ಹಡಗು ಹತ್ತಿ ಮುಂಬಯಿ, ಮದ್ರಾಸು ಪ್ರಾಂತಗಳಿಗೂ ಬಂತು. ಧಾರವಾಡ, ಬೆಳಗಾವಿ, ಬಳ್ಳಾರಿ, ಮಂಗಳೂರು ಆಗ ಇದ್ದದ್ದು ಆ ಪ್ರಾಂತಗಳಲ್ಲೇ. ಇಂಗ್ಲೆಂಡ್ 1890ರ ದಶಕದಲ್ಲಿ ಅದನ್ನು ಕೈಬಿಟ್ಟಿತು. ಇಲ್ಲಿ ಅದಕ್ಕೆ ತೆರೆ ಬಿದ್ದದ್ದು ವೈಸ್‌ರಾಯ್ ಕರ್ಜನ್‌ನ 1904ರ ಶಿಕ್ಷಣ ನೀತಿಯಿಂದ.

ನೂರು ವರ್ಷದ ಬಳಿಕ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಬೇರೊಂದು ದಾರಿ ಹಿಡಿಯಿತು. 2002ರಲ್ಲಿ ಕರ್ನಾಟಕ ಸರ್ಕಾರದೊಂದಿಗೆ ಸೇರಿ ಈಶಾನ್ಯ ಜಿಲ್ಲೆಗಳ ಶಾಲೆಗಳಿಗೆ ಕರೆ ಕೊಟ್ಟಿತು: ದಾಖಲಾತಿ, ಹಾಜರಾತಿ, ಕಲಿಕೆ ಮೂರರಲ್ಲೂ ಗುರಿ ಮುಟ್ಟಿದ ಶಾಲೆಗೆ ನಗದು ಬಹುಮಾನ. ಬಲವಂತವಿಲ್ಲ, ಮನಸ್ಸಿದ್ದವರು ಬರಬಹುದು. ನೂರಾರು ಶಾಲೆಗಳು ಮುಂದೆ ಬಂದವು, ಗೆದ್ದವು ಕೆಲವೇ. ಹೊರಗಿನವರು ಮಕ್ಕಳ ಮುಂದೆ ಕೂತು ಒಬ್ಬೊಬ್ಬರ ಓದು, ಲೆಕ್ಕ ಪರೀಕ್ಷಿಸಿದ್ದೇ ಅನೇಕ ಶಾಲೆಗಳಿಗೆ ಹೊಸ ಅನುಭವ. ಆದರೆ ಈ ಕೆಲಸದ ಬುಡದಲ್ಲೇ ಒಂದು ತೊಡಕಿತ್ತು. ತಾವಾಗಿ ಮುಂದೆ ಬರುವ ಶಾಲೆ ಮೊದಲಿನಿಂದಲೂ ಉತ್ಸಾಹದ ಶಾಲೆಯೇ ಆಗಿರಬಹುದು. ಅದು ಗೆದ್ದರೆ ಗೆಲ್ಲಿಸಿದ್ದು ಬಹುಮಾನವೋ, ಮೊದಲೇ ಇದ್ದ ಹುರುಪೋ? ಯಾರೂ ಎದೆ ತಟ್ಟಿ ಹೇಳುವಂತಿರಲಿಲ್ಲ.

ತೊಡಕು ಬಿಡಿಸಿದ್ದು ಲಾಟರಿ. 2005ರಲ್ಲಿ ಮುರಳೀಧರನ್ ಮತ್ತು ವಿಶ್ವಬ್ಯಾಂಕಿನ ವೆಂಕಟೇಶ್ ಸುಂದರರಾಮನ್, ಅದೇ ಪ್ರತಿಷ್ಠಾನದೊಂದಿಗೆ ಕೈಜೋಡಿಸಿ, ಪಕ್ಕದ ಆಂಧ್ರಪ್ರದೇಶದಲ್ಲಿ ಕೆಲಸ ಶುರುಮಾಡಿದರು. ಐದು ಜಿಲ್ಲೆ, 50 ಮಂಡಲ, 500 ಸರ್ಕಾರಿ ಶಾಲೆ. ಯಾವ ಶಾಲೆಗೆ ಏನು ಸಿಗಬೇಕೆಂಬುದನ್ನು ಅಧಿಕಾರಿ ಹೇಳಲಿಲ್ಲ, ಶಾಸಕ ಹೇಳಲಿಲ್ಲ, ಮೇಷ್ಟ್ರುಗಳೂ ಕೇಳಲಿಲ್ಲ. ನೂರು ಶಾಲೆಗಳಲ್ಲಿ ಒಬ್ಬೊಬ್ಬ ಮೇಷ್ಟ್ರಿಗೂ ಅವರವರ ತರಗತಿಯ ಪ್ರಗತಿಗೆ ತಕ್ಕ ಬೋನಸ್. ಇನ್ನು ನೂರರಲ್ಲಿ ಇಡೀ ಶಾಲೆಯ ಪ್ರಗತಿ ನೋಡಿ ಎಲ್ಲರಿಗೂ ಸಮನಾದ ಬೋನಸ್. ಮತ್ತೆ ನೂರಕ್ಕೆ ಹೆಚ್ಚುವರಿ ಗುತ್ತಿಗೆ ಶಿಕ್ಷಕರು, ಇನ್ನೊಂದು ನೂರಕ್ಕೆ ಪಾಠೋಪಕರಣ ಕೊಳ್ಳಲು ಹಣ. ಉಳಿದ ನೂರಕ್ಕೆ ಏನೂ ಇಲ್ಲ.

ಬೋನಸ್ಸಿನ ಸೂತ್ರವನ್ನು ಕಟ್ಟಿದ ಬಗೆಯಲ್ಲಿ ಹಳೆಯ ಸೋಲಿನ ನೆನಪು ಎದ್ದು ಕಾಣುತ್ತದೆ. ಲೋ ಮಹಾಶಯ ನೋಡಿದ್ದು ಮಗು ಪಾಸಾಯಿತೇ ಇಲ್ಲವೇ ಎಂಬುದನ್ನಷ್ಟೆ. ಇಲ್ಲಿ ನೋಡಿದ್ದು ಮಗು ಎಷ್ಟು ಮುಂದೆ ಬಂತು ಎಂಬುದನ್ನು. ವರ್ಷದ ಆರಂಭದಲ್ಲಿ ಒಂದು ಪರೀಕ್ಷೆ, ಕೊನೆಯಲ್ಲಿ ಇನ್ನೊಂದು. ತರಗತಿಯ ಸರಾಸರಿ ಶೇ. 5ಕ್ಕಿಂತ ಹೆಚ್ಚು ಏರಿದರೆ, ಆಮೇಲಿನ ಒಂದೊಂದು ಅಂಶಕ್ಕೂ 500 ರೂಪಾಯಿ. ಸರಾಸರಿ 12 ಅಂಶ ಏರಿದರೆ ಮೇಷ್ಟ್ರ ಕೈಗೆ 3,500 ರೂಪಾಯಿ. ದಡ್ಡ ಮಗುವನ್ನು ಪರೀಕ್ಷೆಯ ದಿನ ಮನೆಯಲ್ಲೇ ಇರಿಸಿದರೆ? ಆ ದಾರಿಯನ್ನೂ ಮುಚ್ಚಿದ್ದರು. ಬಾರದ ಮಗುವಿನ ಲೆಕ್ಕಕ್ಕೆ ಮೈನಸ್ ಐದು ಅಂಶ ಬೀಳುತ್ತಿತ್ತು, ಬಂದ ಮಗು ಎಷ್ಟೇ ಕೆಳಗಿಳಿದರೂ ಅದಕ್ಕಿಂತ ಹೆಚ್ಚು ಕಳೆಯುತ್ತಿರಲಿಲ್ಲ. ಹಾಗಾಗಿ ಯಾವ ಮಗುವನ್ನೂ ದೂರವಿಟ್ಟು ಲಾಭವಿರಲಿಲ್ಲ. ಬಾಯಿಪಾಠದ ಭಯಕ್ಕೂ ಮದ್ದಿತ್ತು. ಪುಸ್ತಕದಲ್ಲಿದ್ದ ಹಾಗೇ ಕೇಳುವ ಪ್ರಶ್ನೆಗಳ ಜೊತೆಗೆ, ಅರ್ಥವಾಗಿದ್ದರೆ ಮಾತ್ರ ಉತ್ತರಿಸಬಹುದಾದ ಪ್ರಶ್ನೆಗಳನ್ನೂ ಸೇರಿಸಿದರು. ಪರೀಕ್ಷೆ ನಡೆಸಿದವರು ಹೊರಗಿನವರು.

ಎರಡು ವರ್ಷ ಕಳೆದ ಮೇಲೆ ಲೆಕ್ಕ ಬಿಡಿಸಿದಾಗ ಬೋನಸ್ ಶಾಲೆಗಳ ಮಕ್ಕಳು ಮುಂದಿದ್ದರು. ನೂರು ಮಕ್ಕಳ ಸಾಲಿನಲ್ಲಿ ನಟ್ಟನಡುವೆ ನಿಂತ ಮಗು ಗಣಿತದಲ್ಲಿ ಸುಮಾರು ಹತ್ತು ಮಕ್ಕಳನ್ನು ದಾಟಿದಷ್ಟು ಏರಿಕೆ, ಭಾಷೆಯಲ್ಲಿ ಸ್ವಲ್ಪ ಕಡಿಮೆ. ಬೋನಸ್ಸಿಗೆ ಸಂಬಂಧವೇ ಇಲ್ಲದ ವಿಜ್ಞಾನ, ಸಮಾಜ ವಿಷಯಗಳಲ್ಲೂ ಆ ಮಕ್ಕಳೇ ಮುಂದೆ. ಗುತ್ತಿಗೆ ಶಿಕ್ಷಕರನ್ನೋ ಪಾಠೋಪಕರಣದ ಹಣವನ್ನೋ ಪಡೆದ ಶಾಲೆಗಳಿಗಿಂತಲೂ ಇವು ಮೇಲಿದ್ದವು. ಮೇಷ್ಟ್ರುಗಳಿಗೆ ಸಿಕ್ಕ ಬೋನಸ್ಸಾದರೋ ಸರಾಸರಿ ವಾರ್ಷಿಕ ಸಂಬಳದ ಶೇ. 3ರ ಆಸುಪಾಸು.

ಇಷ್ಟಾಗಿಯೂ ಮುರಳೀಧರನ್ ಬೆನ್ನು ಹತ್ತಿದ್ದ ಮೂಲ ಪ್ರಶ್ನೆ ಅಲ್ಲೇ ಇತ್ತು. ಗೈರುಹಾಜರಿ ಇಳಿದಿರಬೇಕು, ಅದರಿಂದಲೇ ಮಕ್ಕಳು ಕಲಿತಿರಬೇಕು ಎಂಬುದು ಯಾರಿಗಾದರೂ ಹೊಳೆಯುವ ಊಹೆ. ತಿಳಿಸದೇ ಹೋಗಿ ನೋಡಿದರೆ ಬೋನಸ್ ಶಾಲೆಗಳಲ್ಲೂ ಕಾಲುಭಾಗ ಮೇಷ್ಟ್ರುಗಳು ಇಲ್ಲ! ಬೇರೆ ಶಾಲೆಗಳಿಗೂ ಇವಕ್ಕೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ತರಗತಿಯಲ್ಲಿ ಕೂತು ನೋಡಿದರೆ ಅಲ್ಲೂ ದೊಡ್ಡ ವ್ಯತ್ಯಾಸ ಕಾಣದು. ಹಾಗಾದರೆ ಮಕ್ಕಳು ಕಲಿತದ್ದು ಎಲ್ಲಿಂದ?

ಉತ್ತರವಿದ್ದದ್ದು ಮೇಷ್ಟ್ರುಗಳ ಮಾತಿನಲ್ಲೇ. ವರ್ಷದ ಕೊನೆಯಲ್ಲಿ, ಬೋನಸ್ ಯಾರಿಗೆ ಬಂತೆಂದು ಗೊತ್ತಾಗುವ ಮುಂಚೆ, ಈ ವರ್ಷ ಮಕ್ಕಳಿಗಾಗಿ ವಿಶೇಷವಾಗಿ ಏನು ಮಾಡಿದಿರಿ ಎಂದು ಎಲ್ಲ ಶಾಲೆಗಳಲ್ಲೂ ಕೇಳಿದ್ದರು. ಬೋನಸ್ ಶಾಲೆಗಳವರು ತಾವಾಗಿಯೇ ಹೇಳಿಕೊಂಡರು: ಶಾಲೆ ಬಿಟ್ಟ ಮೇಲೂ ಪಾಠ, ಹೆಚ್ಚು ಮನೆಗೆಲಸ, ಅಭ್ಯಾಸ ಪರೀಕ್ಷೆ, ಹಿಂದುಳಿದ ಮಕ್ಕಳನ್ನು ಪ್ರತ್ಯೇಕ ಕೂರಿಸಿಕೊಳ್ಳುವುದು. ಬೇರೆ ಶಾಲೆಗಳಲ್ಲಿ ಇಂಥ ಮಾತು ಬಹಳ ಕಡಿಮೆ. ಮೇಷ್ಟ್ರು ಶಾಲೆಗೆ ಬರುವ ದಿನಗಳು ಹೆಚ್ಚಾಗಿರಲಿಲ್ಲ, ಬಂದ ದಿನದ ಕೆಲಸ ಹೆಚ್ಚಾಗಿತ್ತು. ಈ ಯೋಜನೆ ಬೇಕೇ ಎಂದು ಕೇಳಿದರೆ ನೂರಕ್ಕೆ 80ಕ್ಕೂ ಹೆಚ್ಚು ಮೇಷ್ಟ್ರುಗಳು ಒಪ್ಪಿದರು. ಶಿಕ್ಷಕರ ಸಂಘಗಳು ಸಾಮಾನ್ಯವಾಗಿ ಆಡುವ ಮಾತು ಇದಲ್ಲ. ಈ ಸಂಶೋಧನೆ 2011ರಲ್ಲಿ ಪ್ರಕಟವಾಯಿತು.

ಐದು ವರ್ಷ ಕಾಯ್ದವರಿಗೆ ಇನ್ನೊಂದು ಗುಟ್ಟು ತಿಳಿಯಿತು. ಒಬ್ಬೊಬ್ಬರಿಗೆ ಬೋನಸ್ ಕೊಟ್ಟ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿವರೆಗೂ ಓದಿದ ಮಕ್ಕಳು ಗಣಿತದಲ್ಲಿ ಎರಡು ವರ್ಷದ ಏರಿಕೆಯ ಇಮ್ಮಡಿಯಷ್ಟು ಮುಂದೆ ಹೋಗಿದ್ದರು. ಎಲ್ಲರಿಗೂ ಹಂಚಿದ ಬೋನಸ್ ಮೊದಲ ವರ್ಷ ಸರಿಸಮ ನಿಂತು, ಆಮೇಲೆ ಮಂಕಾಗುತ್ತ ಬಂತು.

ಈ ಗೆಲುವನ್ನು ಎಲ್ಲೆಡೆ ನೆಟ್ಟರೆ ಚಿಗುರುತ್ತದೆ ಎಂದುಕೊಂಡವರಿಗೆ ಅಮೆರಿಕದ ನ್ಯಾಶ್‌ವಿಲ್ ತಡೆಯೊಡ್ಡಿತು. 2006ರಿಂದ ಮೂರು ವರ್ಷ ಅಲ್ಲಿನ ಗಣಿತ ಶಿಕ್ಷಕರಿಗೆ 15,000 ಡಾಲರ್‌ವರೆಗೆ ಬೋನಸ್ ಇಟ್ಟರು. ಒಟ್ಟಾರೆ ಮಕ್ಕಳ ಕಲಿಕೆ ಅಲುಗಲಿಲ್ಲ. ಕೆನ್ಯಾದಲ್ಲಿ ಇಂಥ ಬಹುಮಾನದಿಂದ ಅಂಕ ಏರಿತು, ಉಳಿಯಲಿಲ್ಲ.

ಹಣವಿಲ್ಲದೆ ಬರೀ ಮೌಲ್ಯಮಾಪನ ಸಾಕೇ? ಅದನ್ನೂ ಮುರಳೀಧರನ್, ಅರ್ಥಶಾಸ್ತ್ರಜ್ಞ ಅಭಿಜೀತ್ ಸಿಂಗ್ ಜೊತೆಗೂಡಿ ಮಧ್ಯಪ್ರದೇಶದಲ್ಲಿ ಪರೀಕ್ಷಿಸಿದರು. ಸುಮಾರು 1,800 ಶಾಲೆಗಳನ್ನೂ ಅವುಗಳ ನಾಯಕತ್ವವನ್ನೂ ಅಳೆದು, ಅಂಕ ಕೊಟ್ಟು, ಸುಧಾರಣಾ ಯೋಜನೆ ಬರೆಸಲಾಯಿತು. ಯೋಜನೆಗಳು ಅಚ್ಚುಕಟ್ಟಾಗಿ ಬರೆಯಲ್ಪಟ್ಟು ಕಡತ ಸೇರಿದವು. ಬೋಧನೆ ಬದಲಾಗಲಿಲ್ಲ, ಕಲಿಕೆಯೂ ಬದಲಾಗಲಿಲ್ಲ. ಅಷ್ಟರಲ್ಲಿ ಅದೇ ಮಾದರಿ ಶಾಲಾ ಸಿದ್ಧಿ ಎಂಬ ಹೆಸರಲ್ಲಿ ದೇಶಕ್ಕೆಲ್ಲ ಹಬ್ಬಿತ್ತು.

ಇಷ್ಟೆಲ್ಲ ಓಡಾಟದ ಬಳಿಕ ಸಿಕ್ಕ ವಿವರಣೆ ಚಿಕ್ಕದು. ಅಂಕ ಕೊಟ್ಟು ಸುಮ್ಮನಾದರೆ ಯಾರೂ ಅಲುಗುವುದಿಲ್ಲ. ಪಾಸಾದವರನ್ನು ಎಣಿಸಿ ಹಣ ಕೊಟ್ಟರೆ ಬಾಯಿಪಾಠ ಬೆಳೆಯುತ್ತದೆ. ಪ್ರತಿ ಮಗುವಿನ ಏರಿಕೆಯನ್ನೂ ಹೊರಗಿನವರು ಅಳೆದು, ಆ ಏರಿಕೆಗೆ ಕಾರಣರಾದ ಮೇಷ್ಟ್ರಿಗೇ ಸಣ್ಣ ಮೊತ್ತವನ್ನಾದರೂ ಮುಟ್ಟಿಸಿದಾಗ, ಎಲ್ಲರಿಗೂ ಒಂದೇ ಸಂಬಳವಿದ್ದ ಕಡೆ ಮುದುಡಿ ಕೂತಿದ್ದ ಶ್ರಮ ಎದ್ದು ನಿಲ್ಲಬಹುದು.

ಆಂಧ್ರದ ಈ ಪ್ರಯೋಗವನ್ನು ಯಾವ ಸರ್ಕಾರವೂ ರಾಜ್ಯಕ್ಕೆಲ್ಲ ವಿಸ್ತರಿಸಲಿಲ್ಲ. ಹಬ್ಬಿದ್ದು ಬರೀ ಅಂಕ ಕೊಡುವ ಮಾದರಿ: ಮಂಡ್ಯ ತಾಲ್ಲೂಕಿನ ಬಸರಾಳು ಹೋಬಳಿಯ ಸರ್ಕಾರಿ ಶಾಲೆಗಳೂ ಶಾಲಾ ಸಿದ್ಧಿಯ ವ್ಯಾಪ್ತಿಗೆ ಸೇರಿವೆ. ಅಲ್ಲಿನ ಮೇಷ್ಟ್ರುಗಳ, ಮುಖ್ಯ ಶಿಕ್ಷಕರ ಸಂಬಳ ಮಾತ್ರ ಇಂದಿಗೂ ಹುದ್ದೆ ಮತ್ತು ಸೇವೆಯ ವರ್ಷಗಳ ಲೆಕ್ಕದಲ್ಲೇ ಏರುತ್ತದೆ.